ಪೆನ್ಸಿಲ್ ಮೇಲೆ ತಾಮ್ರ ಬೆಳೆಯುವ ಅತ್ತಿಗೆ

ನಮ್ಮ ಅತ್ತಿಗೆ ರೈತರು. ಕೊಳ್ಳೇಗಾಲದ ಸುತ್ತ ರೈತರಿಗೇನು ಬರವೇ ಅನ್ನಬೇಡಿ. ಇವರ ಹೊಲ ಪೆನ್ಸಿಲ್ ತುದಿಯಷ್ಟು, ಬೆಳೆ ತಾಮ್ರ. ಅದು ಕಣ್ಣಿಗೆ ಕಾಣುವಷ್ಟು ದಪ್ಪವಾದರೆ ಬೆಳೆ ಕೆಟ್ಟಿತೆಂದು ಕೂತು ಕೊರಗುತ್ತಾರೆ. ಇಂಥ ಬೇಸಾಯವನ್ನು ನೀವೆಲ್ಲಾದರೂ ಕಂಡಿದ್ದೀರಾ?

ಅಸಲಿಗೆ ಅವರು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಡಂ. ತಲೆ ನರೆಯತೊಡಗಿದ ಮೇಲೆ ಪಿಎಚ್‌ಡಿಗೆ ಕೂತರು. ಪೆನ್ಸಿಲ್ಲಿನೊಳಗಿನ ಕಡ್ಡಿಯನ್ನು ಮೈಲುತುತ್ತದ, ಅಂದರೆ ಕಾಪರ್ ಸಲ್ಫೇಟಿನ, ನೀರಿನಲ್ಲಿ ಅದ್ದಿ ಸಣ್ಣಗೆ ಕರೆಂಟು ಹರಿಸಿದರೆ, ಅದರ ಮೇಲೆ ತಾಮ್ರದ ನ್ಯಾನೋ ಕಣಗಳು ಮೂಡುತ್ತವಂತೆ. ಆ ಕಡ್ಡಿಯನ್ನು ಬಾವಿ ನೀರಿಗೆ ಇಳಿಸಿದರೆ ಅದರಲ್ಲಿ ನೈಟ್ರೇಟ್ ಎಷ್ಟಿದೆ ಎಂದು ಲ್ಯಾಪ್‌ಟಾಪಿನಲ್ಲಿ ಒಂದು ಗೆರೆ ಎದ್ದು ಹೇಳುತ್ತದೆ. ಸಂಶೋಧನೆ ಇಷ್ಟೇ. ಅದಕ್ಕಾಗಿ ನಾವು ಪಟ್ಟ ಪಾಡು ಮಾತ್ರ ಇಷ್ಟೇ ಅಲ್ಲ.

ಮೊದಲು ಮೈಲುತುತ್ತ ತರಲು ಗೊಬ್ಬರದಂಗಡಿಗೆ ಹೋದರು.

"ಯಾವ ಬೆಳೆಗೆ ಮೇಡಂ?" ಎಂದ ಅಂಗಡಿಯವ.

"ಪೆನ್ಸಿಲ್‌ಗೆ."

ಅವನು ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ, "ರೋಗ ಎಲೆಗೋ, ಬೇರಿಗೋ?" ಎಂದನಂತೆ.

ನಾನು ಅಗರದಲ್ಲಿ ಮೇಷ್ಟ್ರು. ಒಮ್ಮೆ ನಮ್ಮ ಶಾಲೆಗೆ ಬಂದ ಅತ್ತಿಗೆ, ಮಕ್ಕಳೆಲ್ಲ ಪೆನ್ಸಿಲ್ ಕಚ್ಚುತ್ತಿರುವುದನ್ನು ಕಂಡು ಸಂಕಟಪಟ್ಟು, "ಬಾಯ್ಗಿಕ್ಕಬೇಡಿ ಕಂದಾ, ಅದು ಎಲೆಕ್ಟ್ರೋಡು. ಅದ್ರೊಳಗೆ ಕರೆಂಟ್ ಓಯ್ತದೆ" ಎಂದರು. ಮಾರನೆಯ ದಿನ ಇಡೀ ಮೂರನೇ ಕ್ಲಾಸು ಕೈಕಟ್ಟಿ ಕೂತಿತ್ತು. ಯಾಕ್ರೋ ಬರೀತಿಲ್ಲ ಎಂದರೆ, "ಶಾಕ್ ಒಡೀತದೆ ಸಾ!"

ಮನೆಯಲ್ಲೂ ಇದೇ ಕಥೆ. ಕಣ ಬೆಳೆಯುವಾಗ ಮಿಕ್ಸಿ ಹಾಕುವಂತಿಲ್ಲ, ಮೇಜು ಅಲುಗುವಂತಿಲ್ಲ, ನನ್ನಣ್ಣ ಸೀನುವಂತಿಲ್ಲ. ಚಟ್ನಿಯಿಲ್ಲದ ದೋಸೆಯ ಮುಂದೆ ಕೂತು ಅಣ್ಣ ಒಂದು ದಿನ ತಡೆಯದೆ ಕೇಳಿದ: "ನನ್ ಒಟ್ಟೆ ಇಷ್ಟು ಬೆಳ್ದದಲ್ಲ, ಒಂದಿನಾನಾದ್ರೂ ಅಳ್ದಿದ್ದೀಯಾ?"

"ಅದುನ್ನ ನೋಡಕೆ ಮೈಕ್ರೋಸ್ಕೋಪ್ ಬೇಕಾಗಿಲ್ಲ ಕಣ್ರಿ" ಎಂದರು ಅತ್ತಿಗೆ, ಗೆರೆಯಿಂದ ಕಣ್ಣು ತೆಗೆಯದೆ.

ಹೋದ ವರ್ಷ ನನ್ನ ತಂಗಿಗೆ ಮಗುವಾಯಿತು. ಅವಳು ಇರುವುದು ರಾಮಾಪುರದಲ್ಲಿ. ಕೂಸು ನೋಡಲು ಎಲ್ಲರೂ ಅಂಗಿ, ಟೋಪಿ ಒಯ್ದರೆ ಅತ್ತಿಗೆ ಪೆನ್ಸಿಲ್ ಡಬ್ಬಿ, ಲ್ಯಾಪ್‌ಟಾಪ್ ಒಯ್ದರು. ತಂಗಿಗೆ ಹಾಲು ಸಾಲದೆ ಕೂಸಿಗೆ ಪುಡಿಹಾಲು ಕಲಸುತ್ತಿದ್ದರು. ನೀರು ಕೊಟ್ಟಿಗೆಯ ಹಿಂದಿನ ಬೋರಿನದು, ಪಕ್ಕದಲ್ಲೇ ತಿಪ್ಪೆ. ಅತ್ತಿಗೆ ಒಂದು ಲೋಟ ನೀರಿಗೆ ಕಡ್ಡಿ ಇಳಿಸಿದರು. ಗೆರೆ ಎದ್ದಿತು; ನೈಟ್ರೇಟ್ ಮಿತಿ ಮೀರಿತ್ತು. ಕಡ್ಡಿ ಬದಲಿಸಿ ಮೂರು ಸಲ ನೋಡಿದರು. ಮತ್ತೆಮತ್ತೆ ಅಷ್ಟೇ ಎತ್ತರಕ್ಕೆ ಎದ್ದಿತು. ನಗುನಗುತ್ತಾ ಬಂದವರ ಮುಖದಲ್ಲಿ ನಗುವಿರಲಿಲ್ಲ.

"ಈ ನೀರು ಕೂಸಿಗೆ ಬ್ಯಾಡ" ಎಂದರು.

ತಂಗಿಯ ಅತ್ತೆ, ಆ ಮನೆಯ ಅಜ್ಜಿ, ಸಿಡುಕಿದರು. "ಇದೇ ನೀರಲ್ಲಿ ನನ್ ಆರ್ ಮಕ್ಕ ಬೆಳ್ದವೆ ಕಣವ್ವ."

"ಅವು ಎದೆಹಾಲು ಕುಡುದ್ವು ಅಜ್ಜಿ. ಇದಕ್ಕೆ ದಿನಕ್ಕೆ ಎಂಟ್ ಸಲ ಈ ನೀರೇ ಒಟ್ಟೆಗೋಯ್ತದೆ. ಕೂಸಿನ್ ರಕ್ತ ಉಸ್ರು ಒರಕಾಗದಂಗೆ ಆಗ್ಬುಡ್ತದೆ."

"ಕಾಯ್ಸೇ ಕೊಡ್ತೀವಿ."

"ಕಾಯ್ಸುದ್ರೂ ಓಗಲ್ಲ."

"ಪೆನ್ಸಿಲ್ ಮಾತ್ ಕೇಳಿ ಬೋರ್ ಬುಡಕಾಯ್ತದಾ?" ಎಂದು ಅಜ್ಜಿ ಎದ್ದು ಒಳಗೆ ಹೋದರು.

ಅತ್ತಿಗೆ ವಾದಿಸಲಿಲ್ಲ. ಆಗಲೇ ಬಸ್ಸು ಹತ್ತಿ ಹನೂರಿಗೆ ಹೋಗಿ, ಫಿಲ್ಟರ್ ನೀರಿನ ಕ್ಯಾನು ತಂದು ಜಗಲಿಯ ಮೇಲಿಟ್ಟರು. "ರಿಪೋರ್ಟ್ ಬರಗಂಟ ಇದ್ರಲ್ಲಿ ಕಲ್ಸಿ. ನಂದು ತಪ್ಪಾದ್ರೆ ಊರ್ ಮುಂದೆ ಬಯ್ಯಿ ಅಜ್ಜಿ, ಬೈಸ್ಕತೀನಿ." ಬೋರಿನ ನೀರು ಬಾಟಲಿಯಲ್ಲಿ ಮೈಸೂರಿನ ಲ್ಯಾಬಿಗೆ ಹೋಯಿತು.

ಮುಂದಿನ ವಾರ ವರದಿ ಬಂತು. ಪೆನ್ಸಿಲ್ ಹೇಳಿದ್ದಕ್ಕೂ ಲ್ಯಾಬು ಹೇಳಿದ್ದಕ್ಕೂ ಕೂದಲೆಳೆಯ ವ್ಯತ್ಯಾಸ. ಐದು ವರ್ಷದ ತಪಸ್ಸು ಫಲಿಸಿತು ಎಂದು ನಾನು, ಅಣ್ಣ ಸ್ವೀಟ್ ಕಟ್ಟಿಸಿಕೊಂಡು ಅತ್ತಿಗೆಯ ಜೊತೆ ರಾಮಾಪುರಕ್ಕೆ ಹೋದೆವು. ಅತ್ತಿಗೆ ವರದಿಯನ್ನು ಎಲ್ಲರಿಗೂ ಓದಿ ಹೇಳಿದರು. ಓದಿ ಮುಗಿಸಿ, ಜಗಲಿಯ ಮೇಲೆ ಕುಸಿದು ಕೂತು ಅಳತೊಡಗಿದರು.

ಅಜ್ಜಿ ಗಾಬರಿಯಾದರು. "ಯಾಕವ್ವ? ನಿನ್ ಪೆನ್ಸಿಲ್ಲೇ ಗೆದ್ದದಲ್ಲ."

"ಸೋಲ್ಲಿ ಅಂತ ವಾರದಿಂದ ದೇವ್ರಿಗೆ ಕೈ ಮುಗೀತಿದ್ದೆ ಅಜ್ಜಿ" ಎಂದರು ಅತ್ತಿಗೆ.

ಅಜ್ಜಿ ಒಳಗೆ ಹೋಗಿ, ನಿದ್ದೆಯಲ್ಲಿದ್ದ ಕೂಸನ್ನು ಎತ್ತಿ ತಂದು ಅತ್ತಿಗೆಯ ಮಡಿಲಲ್ಲಿ ಮಲಗಿಸಿದರು.