ಫರ್ಡಿನಾಂಡ್ ಮಹಾರಾಜರ ಉಪ್ಪಿಟ್ಟು

ಕೆಲಸ ಇರುವವನಿಗಿಂತ ಕೆಲಸ ಹೋದವನಿಗೇ ಟೈ ಹೆಚ್ಚು ಬೇಕು. ನಮ್ಮ ಬ್ಯಾಂಕು ಮುಳುಗಿದ ಆ ವರ್ಷ ಈಸ್ಟ್ ಬ್ರನ್ಸ್‌ವಿಕ್‌ನ ಇಂಡಿಯನ್ ಅಂಗಡಿಗೆ ಕೊತ್ತಂಬರಿ ಸೊಪ್ಪು ತರಲಿಕ್ಕೂ ನಾನು ಟೈ ಕಟ್ಟಿಕೊಂಡೇ ಹೋಗುತ್ತಿದ್ದೆ. ಯಾರಾದರೂ ಸಿಕ್ಕರೆ "ವರ್ಕ್ ಫ್ರಮ್ ಹೋಮ್ ಸಾರ್" ಅನ್ನುವುದು. ವರ್ಕ್ ಬೇಕಾದಷ್ಟಿತ್ತು, ಹೋಮೂ ಇತ್ತು. ಆಫೀಸಿಗೆ ಹೋಗಿ ಮನೆ ನಡೆಸುತ್ತಿದ್ದವಳು ಮಾತ್ರ ನನ್ನ ಹೆಂಡತಿ ವಸುಧಾ. ಏಳನೇ ಕ್ಲಾಸಿನ ಮಗಳು ಅನಘಾಗೆ "ಹೊರಗೆ ಬಾಯಿ ಬಿಡಬೇಡ ತಾಯಿ, ನನ್ನ ಮಾನದ ಪ್ರಶ್ನೆ" ಎಂದು ಕೈಮುಗಿದಿದ್ದೆ.

ಅವಳ ಸ್ಕೂಲಿನಲ್ಲಿ ವ್ಯಾಕ್ಸ್ ಮ್ಯೂಸಿಯಂ ಅಂತ ಒಂದು ಗಮ್ಮತ್ತು. ಮಕ್ಕಳು ಚರಿತ್ರೆಯ ದೊಡ್ಡವರ ವೇಷ ಹಾಕಿ ಗೊಂಬೆಯ ಹಾಗೆ ನಿಲ್ಲಬೇಕು. ಎದುರಿಗಿರುವ ಕಾಗದದ ಬಟನ್ ಒತ್ತಿದರೆ ಜೀವ ಬಂದು ತಮ್ಮ ಕಥೆ ಹೇಳಬೇಕು. ನಮ್ಮವಳ ಚೀಟಿಯಲ್ಲಿ ಬಂದವನು ಸ್ಪೇನಿನ ರಾಜ ಫರ್ಡಿನಾಂಡ್. ನಾನು ಲೈಬ್ರರಿಯಿಂದ ನಾಲ್ಕು ದಪ್ಪ ಪುಸ್ತಕ ಹೊತ್ತು ತಂದೆ. ಆಸಾಮಿ ಗ್ರನಾಡಾ ಗೆದ್ದ, ಪಶ್ಚಿಮಕ್ಕೆ ಹಡಗು ಕಳಿಸಿದ, ಯಹೂದಿಗಳನ್ನು ದೇಶ ಬಿಡಿಸಿದ ಪಾಪವನ್ನೂ ಕಟ್ಟಿಕೊಂಡ. ಅದೆಲ್ಲ ಇರಲಿ, ನನ್ನ ಎದೆಗೆ ನಾಟಿದ್ದು ಬೇರೆ. ಅವನದು ಅರಗಾನ್ ಎಂಬ ಸಣ್ಣ ರಾಜ್ಯ. ದೊಡ್ಡ ಕ್ಯಾಸ್ಟೀಲು ಹೆಂಡತಿ ಇಸಬೆಲ್ಲಾಳದು! ಅವಳು ತೀರಿಕೊಂಡ ಮೇಲೆ ಅಳಿಯ ಬಂದು ಮಾವನನ್ನು ಅರಗಾನಿಗೆ ಸಾಗಹಾಕಿದನಂತೆ. ಅಯ್ಯೋ ಪಾಪ, ಲೇಆಫ್! ಆಮೇಲೆ ಅಳಿಯ ಸತ್ತು, "ಬಾರಪ್ಪ, ನೀನೇ ನೋಡಿಕೋ" ಎಂದು ಅದೇ ಫರ್ಡಿನಾಂಡನನ್ನು ವಾಪಸು ಕರೆಸಿದರಂತೆ. ಅದನ್ನು ಓದಿ ಸೌಟು ಹಿಡಿದು ಅಡುಗೆಮನೆಯಲ್ಲಿ ಕುಣಿದೇಬಿಟ್ಟೆ. "ಅಪ್ಪಾ, ಯು ಆರ್ ಬೀಯಿಂಗ್ ವಿಯರ್ಡ್" ಅಂದಳು ಮಗಳು.

ವೇಷಕ್ಕೆ ನಮ್ಮ ಕನ್ನಡ ಸಂಘದ ನಾಟಕದ ಟ್ರಂಕಿತ್ತು. ರಾಜ ಅಂದಮೇಲೆ ಕಿರೀಟ, ಭುಜಕೀರ್ತಿ, ಗದೆ ಇಲ್ಲದಿದ್ದರೆ ಹೇಗೆ? "ಇವನು ದುರ್ಯೋಧನ ಕಣ್ರೀ!" ಎಂದು ವಸುಧಾ ಹಣೆ ಚಚ್ಚಿಕೊಂಡಳು. "ಸ್ಪೇನಿನವನಿಗೂ ಭುಜ ಇತ್ತಲ್ಲೇ" ಅಂದೆ.

ಆ ದಿನ ಸ್ಕೂಲಿನ ಜಿಮ್ ತುಂಬ ಜನ. ಟೈ ಕಟ್ಟಿಕೊಂಡು ನಾನೂ ನಿಂತಿದ್ದೆ. ಪಕ್ಕದಲ್ಲಿ ಸೂಟುಬೂಟಿನ ಪೈ ಅಂಕಲ್. ಮಂಗಳೂರಿನವರು, ಮ್ಯಾನ್‌ಹಟನ್‌ನಲ್ಲಿ ದೊಡ್ಡ ಹುದ್ದೆ. ಅವರೇ ಬಟನ್ ಒತ್ತಿದರು. ನಮ್ಮ ಫರ್ಡಿನಾಂಡ್ ಗದೆ ಎತ್ತಿ, ಇಂಗ್ಲಿಷಿನಲ್ಲಿ ಗ್ರನಾಡಾ ಗೆದ್ದ, ಹೆಂಡತಿಯನ್ನು ಕಳೆದುಕೊಂಡ, ಕ್ಯಾಸ್ಟೀಲ್ ಬಿಟ್ಟು ಹೊರಟ. ಅಷ್ಟರಲ್ಲಿ ಪೈ ಅಂಕಲ್ ನಡುವೆ ಬಾಯಿ ಹಾಕಿ, "ಕೆಲಸ ಹೋಯ್ತಲ್ಲ ಮಹಾರಾಜರೇ, ಮನೆಯಲ್ಲಿ ಕೂತು ಏನು ಮಾಡಿದ್ರಿ?" ಎಂದು ಕೇಳಿಬಿಡಬೇಕೆ! ಅದು ನಾವು ಉರು ಹೊಡೆಸಿದ್ದರಲ್ಲಿ ಇರಲಿಲ್ಲ. ಮಗಳು ತಡಬಡಾಯಿಸಿ ನನ್ನ ಮುಖ ನೋಡಿದಳು.

"ಐ ಮೇಡ್ ಉಪ್ಪಿಟ್ಟು, ಲೈಕ್ ಮೈ ಡ್ಯಾಡ್. ಹೀ ಮೇಕ್ಸ್ ಇಟ್ ಎವ್ರಿ ಡೇ ನೌ. ಇಟ್ಸ್ ರಿಯಲೀ ಗುಡ್. ಅಂಡ್ ದೆನ್ ದೇ ಕಾಲ್ಡ್ ಮಿ ಬ್ಯಾಕ್."

ಹೋಯ್ತು, ನನ್ನ ಮಾನ ಮೂರು ಕಾಸಿಗೆ ಹೋಯ್ತು. ಆದರೂ ಆ 'ರಿಯಲೀ ಗುಡ್' ಕೇಳಿ ಟೈ ಸರಿಮಾಡಿಕೊಂಡೆ. ಪೈ ಅಂಕಲ್ ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಅತ್ತಿತ್ತ ನೋಡಿ, ಟೈ ಸಡಿಲಿಸಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಮಾರಾಯ್ರೇ, ಒಂದು ಲೋಟ ರವೆಗೆ ನೀರು ಎಷ್ಟು ಹಾಕ್ತೀರಿ? ನಂದು ಎರಡು ತಿಂಗಳಿಂದ ಬರೀ ಗಂಟು ಗಂಟೇ ಆಗ್ತದೆ."

"ಎರಡೂವರೆ ಲೋಟ" ಅಂದೆ, ಎದೆ ಸೆಟೆಸಿಕೊಂಡು. ಕೆಲಸ ಹೋದಮೇಲೆ ಒಬ್ಬರು ನನ್ನ ಸಲಹೆ ಕೇಳಿದ್ದು ಅದೇ ಮೊದಲು. ಆ ಖುಷಿಯಲ್ಲಿ ಉಪ್ಪಿನ ವಿಷಯ ಹೇಳುವುದನ್ನೇ ಮರೆತುಬಿಟ್ಟೆ.