ಮಗನಿಗೆ ಸಾಲಿ ಹುಡುಕಿದ್ದು

ನಮ್ಮ ಮನ್ಯಾಗ ಯಾವ ಕೆಲಸಾನೂ ಒಂದ ಸಲಕ್ಕ ಸೀದಾ ಆಗಿದ್ದು ನಾ ಕಂಡಿಲ್ಲ. ಒಂದು ಎತ್ತು ತರಾಕ ಹೋದ್ರೂ ನಾಕು ಊರು ತಿರಗತಿದ್ರು. ಇನ್ನ ಹಿರೇಮಗನಿಗೆ ದೊಡ್ಡ ಸಾಲಿ ಹುಡುಕೋದು ಅಂದ್ರ ಕೇಳಬೇಕೇನು?

ನಮ್ಮ ಹೊಲಮನಿ ಅಕ್ಕಲಕೋಟದ ಹತ್ರ ಒಂದು ಹಳ್ಳ್ಯಾಗ. ಅಲ್ಲಿ ಆಗಿನ್ನೂ ರಾಜರ ಆಳಿಕಿ. ಹುಡುಗ ಊರ ಸಾಲ್ಯಾಗ ನಾಕನೇ ಇಯತ್ತೆ ಮುಗಿಸಿದ್ದ. ಪಾಟಿ ಮ್ಯಾಲ ಎಂಥಾ ಲೆಕ್ಕ ಕೊಟ್ರೂ ಬಿಡಸತಿದ್ದ. ಆದ್ರ ಯಾರರೆ ಎದುರಿಗೆ ನಿಂತು ಕೇಳಿದ್ರ ಸಾಕು, ಬಾಯಿ ಹೊಲಿದಂಗ ಆಗತಿತ್ತು. ಊರ ಮಾಸ್ತರ ನಮ್ಮ ಮನಿಯವರನ್ನ ಕರದು, ಇವನನ್ನ ಬೈಯೋ ಸಾಲಿಗೆ ಹಾಕಬ್ಯಾಡ್ರಿ, ಬೆನ್ನು ಚಪ್ಪರಸೋ ಸಾಲಿಗೆ ಹಾಕ್ರಿ, ಇಲ್ಲಾಂದ್ರ ಇವನ ಓದು ಇಲ್ಲಿಗೇ ಮುಗೀತು ಅಂದ್ರು. ಆ ಮಾತು ನನ್ನ ಎದಿಯಾಗ ನಾಟಿ ಕುಂತಿತು.

೧. ಶಾಬಾಸ್

ಅಂಥಾ ಸಾಲಿ ಸಿಗೋತನಕ ನಾವ ಚಪ್ಪರಸೋಣು ಅಂತ ನಮ್ಮ ಮನಿಯವರು ಸುರು ಹಚ್ಚಿದ್ರು. ಹುಡುಗ ಉಂಡ್ರ ಶಾಬಾಸ್, ಕೈ ತೊಳಕೊಂಡ್ರ ಶಾಬಾಸ್. ಒಂದಿನ ಮಜ್ಜಿಗಿ ಗಡಗಿ ಒಡದು ಹಾಕಿದ, ಅದಕ್ಕೂ ಶಾಬಾಸ್ ಅಂದ್ರು.

ಒಲಿ ಮುಂದ ರೊಟ್ಟಿ ಬಡಿಯಾಕತ್ತಿದ್ದ ನಮ್ಮತ್ತಿ ಕೈ ನಿಲ್ಲಿಸಿದ್ರು. "ಗಡಗಿ ಒಡದಾಂವಗ ಶಾಬಾಸ್. ಇಷ್ಟು ವರ್ಷ ರೊಟ್ಟಿ ಬಡದಾಕಿಗೆ ಏನೂ ಇಲ್ಲೇನಪ್ಪಾ?" ಅಂದ್ರು ಮಗನಿಗೆ.

ಅಂದಿನಿಂದ ಮನಿಯವರು ಹೆದರಿ ಒಂದೊಂದು ರೊಟ್ಟಿಗೂ ಶಾಬಾಸ್ ಅನ್ನಾಕ ಹತ್ತಿದ್ರು. ಅತ್ತಿಯವರಿಗೆ ಎಲ್ಲಿಲ್ಲದ ಹುರುಪು ಬಂತು, ಬಡಿಯೋದು ನಿಲ್ಲಸಲೇ ಇಲ್ಲ. ಹುಡುಗ ಮಾತ್ರ ಮೊದಲಿನಂಗ ಸುಮ್ಮಗ. ನಮ್ಮ ಎಮ್ಮಿ ಮೂರು ದಿನ ಮೇವು ಬಿಟ್ಟು ರೊಟ್ಟಿ ತಿಂದಿತು.

೨. ಪಾಸಾದವರು

ಇದನ್ನ ಮನಿಯವರು ನನಗ ಹೇಳಲಿಲ್ಲ, ಗಾಡಿ ಹೊಡಿಯಾಂವ ಬಂದು ಹೇಳಿದ.

ಅಕ್ಕಲಕೋಟದಾಗ ಒಂದು ಸಾಲಿಗೆ ಅಪ್ಪ, ಮಗ ಹೋದ್ರು. ಹೆಡ್‌ಮಾಸ್ತರನ ಮೇಜಿನ ಮ್ಯಾಲ ಎಣ್ಣಿ ಕುಡದು ಮಿಂಚೋ ಬೆತ್ತ. ಆತ ಹುಡುಗನ ಹೆಸರು ಕೇಳಿದ. ಮನಿಯವರು ಹೇಳಿದ್ರು. ಊರು ಕೇಳಿದ. ಮನಿಯವರ ಹೇಳಿದ್ರು. ಬೆತ್ತ ಕೈಯಾಗ ತಗೊಂಡು ಏಳೆಂಟ್ಲೆ ಎಷ್ಟು ಅಂದ. ಹುಡುಗ ಅಪ್ಪನ ಬೆನ್ನ ಹಿಂದ ಸರದ, ಅಪ್ಪ ಐವತ್ತಾರು ಅಂದ್ರು.

ಹೆಡ್‌ಮಾಸ್ತರ ಬೆತ್ತ ಕೆಳಗಿಟ್ಟ. "ನೀವು ಪಾಸಾದ್ರಿ. ಸೋಮವಾರದಿಂದ ಬರ್ರಿ. ಹುಡುಗ ಮನ್ಯಾಗ ಇರಲಿ, ಹೊಲಾ ನೋಡಕೊತಾನ."

೩. ಸಂಜಿಗೊಂದು, ಮುಂಜಾನೆಗೊಂದು

ಸೊಲ್ಲಾಪುರದಾಗ ನಮ್ಮಣ್ಣಂದು ಜ್ವಾಳದ ದಲಾಲಿ ಮಾಡೋ ಅಡತಿ ಅಂಗಡಿ ಇತ್ತು. ಇಲ್ಲಿ ಆಗಲಿಲ್ಲಂದ್ರ ಅಲ್ಲಿ ನೋಡೋಣು ಅಂತ ಮೂವರೂ ರೈಲು ಹತ್ತಿ ಅವನ ಮನಿಗೆ ಬಂದ್ವಿ.

ಮನಿಯವರು, ಹುಡುಗರು ಖುಷಿಲೆ ಇರೋ ಸಾಲಿ ಯಾವುದು ಅಂತ ನಾನ ಕಣ್ಣಾರೆ ನೋಡತೀನಿ ಅಂತ ಸಂಜಿಮುಂದ ಒಂದು ಸಾಲಿ ಗೇಟಿಗೆ ಹೋಗಿ ನಿಂತ್ರು. ಗಂಟಿ ಬಡೀತು. ಹುಡುಗರೆಲ್ಲಾ ಕುಣಕೋತ, ಕೇಕಿ ಹಾಕೋತ ಬಂದ್ರಂತ. ಓಡಿ ಬಂದು, ಸಾಲಿ ಸಿಕ್ತು, ಅಷ್ಟು ನಗೋ ಮಕ್ಕಳನ್ನ ನಾ ಎಲ್ಲೂ ಕಂಡಿಲ್ಲ ಅಂದ್ರು.

ನಮ್ಮಣ್ಣ ಅಡಕಿ ಕತ್ತರಸಕೋತ, ಅವು ಹೊರಗ ಬಂದಿದ್ದಕ್ಕ ಕುಣದಾವ್ರಿ, ಮುಂಜಾನೆ ಒಳಗ ಹೋಗೋದು ನೋಡಕೊಂಡು ಬರ್ರಿ ಅಂದ.

ಮರುದಿನ ಮನಿಯವರು ಹೋಗಿ ಬಂದು ಕಟ್ಟಿ ಮ್ಯಾಲ ಕುಂತ್ರು. ಏನಾತ್ರಿ ಅಂದೆ. "ದನಾ ಕೊಂಡವಾಡಕ್ಕ ಹೊಡದಂಗ ಹೊಂಟಿದ್ವು. ಎಲ್ಲಾರಕಿಂತ ಹಿಂದ ಕಾಲು ಎಳಕೋತ ಹೋದಾಂವ ಮಾಸ್ತರ."

೪. ಶಲ್ಯದ ಕೆಳಗ

ಮೂರನೇದು ಸಣ್ಣ ಸಾಲಿ. ಈ ಸಲ ಅಣ್ಣನೂ ಬಂದ. ನಾನೂ ಸೆರಗು ಹೊದ್ದು ಬಾಗಲ ಹತ್ರ ಕುಂತೆ. ಮನಿಯವರು ನಡುವ ಬಾಯಿ ಹಾಕಬಾರದಂತ ಅವರ ಬಾಯಿ ತುಂಬ ಎಲಿಅಡಕಿ ಕೊಟ್ಟಿದ್ದೆ.

ಹೆಡ್‌ಮಾಸ್ತರ ವಯಸ್ಸಾದವರು, ದನಿ ಮೆತ್ತಗ. ಎರಡು ಲೆಕ್ಕ ಕೇಳಿದ್ರು. ನನ್ನ ಮಗ ತನ್ನ ಕಾಲಬೆರಳು ನೋಡಕೋತ ನಿಂತ. ಅವರು ಬ್ಯಾಸರದಲೆ, ಐದನೇ ಇಯತ್ತೆಗೆ ಆಗೂದಿಲ್ಲರಿ, ಇನ್ನೊಂದು ವರ್ಷ ನಾಕರಾಗ ಕುಂದ್ರಲಿ ಅಂದ್ರು. ಸಣ್ಣವರ ನಡುವ ತಿರುಗಿ ಕುಂತ್ರ ಇವ ಇನ್ನೆಂದೂ ತಲಿ ಎತ್ತಾಂವಲ್ಲ.

ಪ್ಯಾಟ್ಯಾಗ ನಮ್ಮಣ್ಣನಂಥವರು ರೇಟು ಬಾಯಿಲೆ ಹೇಳೂದಿಲ್ಲ. ಕೈಮ್ಯಾಲ ಅರಿವಿ ಹೊಚ್ಚಿ, ಒಳಗ ಬೆರಳು ಒತ್ತಿ ಹೇಳತಾರ. ಆ ರೂಢಿಯೊಳಗ ಅಣ್ಣ ತನ್ನ ಶಲ್ಯ ಹೆಡ್‌ಮಾಸ್ತರರ ಕೈಮ್ಯಾಲ ಹೊಚ್ಚಿ ಐದೂ ಬೆರಳು ಹಿಡದ.

ಅವರು ಗಾಬರಿಯಾಗಿ ಕೈ ಜಗ್ಗಿಕೊಂಡು ಇದೇನ್ರೀ ಅಂದ್ರು.

"ಐದು, ಮಾಸ್ತರ್ರ. ಬಾಯಿಲೆ ಅಂದ್ರ ಮಂದಿಗೆ ಕೇಳತೈತಿ" ಅಂದ ಅಣ್ಣ. ಪ್ಯಾಟಿ ಪದ್ಧತಿ ಬಿಡಿಸಿ ಹೇಳಿ, ಸೂಟಿ ಬಂದ್ರ ಹುಡುಗ ನನ್ನ ಅಂಗಡ್ಯಾಗ ಇರತಾನ, ಇವಗೂ ಇದು ಬರತೈತಿ ಅಂದ.

ಬೈತಾರ ಅನಕೊಂಡೆ. ಅವರು ಹುಡುಗನನ್ನ ಒಂದು ಗಳಿಗಿ ನೋಡಿ, ತಾವಾಗಿ ಶಲ್ಯದ ಕೆಳಗ ಕೈ ಚಾಚಿದ್ರು. ಆರೇಳ್ಲೆ ಎಷ್ಟು ತಮ್ಮಾ ಅಂದ್ರು. ನನ್ನ ಮಗ ಕೈ ಒಳಗ ಹಾಕಿದ. ನಾಕು ಬೆರಳು ಒತ್ತಿ, ಬಿಟ್ಟು, ಎರಡು ಒತ್ತಿದನಂತ. ಮಾಸ್ತರರ ಮುಖ ಅರಳಿತು. "ನಲವತ್ತೆರಡು. ಬರೋಬರ್." ಆಮ್ಯಾಲ ಕೇಳಿದ್ದಕ್ಕೆಲ್ಲ ಅಲ್ಲಿಂದಲೇ ಜವಾಬು ಬಂತು, ಒಂದೂ ತಪ್ಪಲಿಲ್ಲ.

ಅವರು ನಕ್ಕು, ಈಗ ನೀನ ಹೇಳು, ಎಷ್ಟನೇ ಇಯತ್ತೆಗೆ ಕುಂದರತಿ ಅಂದ್ರು. ಶಲ್ಯ ಅಲ್ಲಾಡಿತು. ಮಾಸ್ತರರ ಹುಬ್ಬು ಮ್ಯಾಲೇರಿದ್ವು, ತಿರುಗಿ ಒತ್ತಿದ್ರು. ಹುಡುಗ ಇಲ್ಲಂತ ಗೋಣು ಅಲ್ಲಾಡಸಿದ. ಮತ್ತೊಮ್ಮೆ ಒತ್ತಿದ್ರು, ಮತ್ತ ಗೋಣು. ನಮ್ಮಣ್ಣ ಪ್ಯಾಟ್ಯಾಗ ವ್ಯಾಪಾರ ನೋಡಿದಂಗ ನೋಡಾಕತ್ತಿದ್ದ. ಕಡೀಕ ಮಾಸ್ತರರು ಕೈ ಹೊರಗ ತಗದು, ಹಣಿ ಒರಿಸಿಕೊಂಡು, ಐದನೇ ಇಯತ್ತೆಗೆ ಹೆಸರು ಬರಕೊಂಡ್ರು.

"ಐದಕ್ಕ ಒಪ್ಪಾಂವ, ಮೊದಲ ಆರು ಯಾಕ ಅಂದಿ ತಮ್ಮಾ?" ಅಂತ ಕೇಳಿದ್ರು.

ನನ್ನ ಮಗ ತಲಿ ಎತ್ತಿದ. ಹೊರಗಿನವರ ಮುಂದ ಅವ ಪೂರಾ ಒಂದು ಮಾತು ಆಡಿದ್ದು ಅಂದೇ.

"ಐದು ಅಂದಿದ್ರ ನೀವು ನಾಕಕ್ಕ ಸೌದಾ ಮುಗಸತಿದ್ರಿ, ಮಾಸ್ತರ್ರ."