ಅವಧಿ ಮುಗಿದ ಗುಂಡು

ಕರಡಿ ಹೊಡೆಯಲು ಎಷ್ಟು ದಪ್ಪದ ಗುಂಡು ಸಾಕು ಎಂಬುದನ್ನು ತೀರ್ಮಾನಿಸಲು ಹೊರೊಮುನಾಯ್ ಪುರಸಭೆಯ ವನ್ಯಜೀವಿ ವಿಭಾಗವು ರೇವಾ ಆರನೇ ವರ್ಷದ ಏಪ್ರಿಲ್‌ನಲ್ಲಿ ವಿಶೇಷ ಸಭೆ ಕರೆಯಿತು. ಸಭೆಗೆ ಕಾರಣವಾದ ಕರಡಿಗೆ ಆಹ್ವಾನ ಹೋಗಿರಲಿಲ್ಲ. ಅದು ಆ ಹೊತ್ತಿಗೆ ಕುರೊಸಾಕಾ ಮಿನೆಕೊಳ ಕೊಟ್ಟಿಗೆಯ ಹಿಂದೆ ದನದ ಹಿಂಡಿ ತಿನ್ನುತ್ತಿತ್ತು.

ಮಿನೆಕೊ ಒಬ್ಬಳೇ ಹಾಲಿನ ದನ ಸಾಕಿಕೊಂಡು ಬದುಕುವವಳು. ಹಿಮ ಕರಗುವ ಮೊದಲೇ ಹುಟ್ಟಿ ತಾಯಿಯನ್ನು ಕಳೆದುಕೊಂಡಿದ್ದ ಕೊಮುಗಿ ಎಂಬ ಕರುವನ್ನು ಅವಳು ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದಳು. ಚಳಿಗಾಲದ ನಿದ್ದೆ ಮುಗಿಸಿ ಬಂದ ಕರಡಿಗೆ ಸದ್ಯಕ್ಕೆ ಹಿಂಡಿಯೇ ಸಾಕಾಗಿತ್ತು. ಹಿಂಡಿ ಮುಗಿದ ಮೇಲೆ ಯಾರ ಸರದಿ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಳು.

ಊರಿನ ಬೇಟೆಗಾರರ ಮುಖಂಡ ಸಸಮೊರಿ ತೆತ್ಸುಜಿ ತನ್ನ ಹೆಮ್ಮೆಯ ಗುಂಡಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ವಿಭಾಗದ ಮುಖ್ಯಸ್ಥ ಶಿಯೊಜಾಕಿ ಕನ್ನಡಕ ಏರಿಸಿ ಅದರ ಮೇಲಿನ ಅಂಕಿಗಳನ್ನು ಓದಿದ.

"ಸಸಮೊರಿಯವರೇ, ಈ ಮಾಲಿನ ಅವಧಿ ಮುಗಿದಿದೆಯಲ್ರೀ?"

"ಏನಂದ್ರಿ?"

"ನೀವೇ ನೋಡಿ. ಮೂವತ್ತು, ಸೊನ್ನೆ ಆರು. ಹೇಸೇ ಮೂವತ್ತು, ಆರನೇ ತಿಂಗಳು. ಈಗ ನಡೀತಿರೋದು ರೇವಾ. ಹಿಂದಿನ ಚಕ್ರವರ್ತಿಗಳ ಕಾಲದ ಗುಂಡು ಹಾರಿಸಿ, ಕರಡಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?"

ಚಕ್ರವರ್ತಿ ಬದಲಾದಾಗ ನಮ್ಮ ಜಪಾನಿನಲ್ಲಿ ಇಸವಿಯೂ ಹೆಸರು ಬದಲಿಸಿ ಒಂದರಿಂದ ಶುರುವಾಗುತ್ತದೆ. ಪುರಸಭೆಯಲ್ಲಿ ತೋಫುವಿನಿಂದ ಹಿಡಿದು ಬೆಂಕಿ ಆರಿಸುವ ಡಬ್ಬಿಯವರೆಗೆ ಎಲ್ಲದರ ಆಯಸ್ಸನ್ನೂ ಹಾಗೆಯೇ ಓದುವ ರೂಢಿ. ಗುಂಡಿಗೆ ಬೇರೆ ನ್ಯಾಯ ಮಾಡಲು ಶಿಯೊಜಾಕಿಯ ಮನಸ್ಸು ಒಪ್ಪಲಿಲ್ಲ.

"ಅಯ್ಯೋ ಸ್ವಾಮಿ, ಮೂವತ್ತು ಅನ್ನೋದು ಗುಂಡಿನ ದಪ್ಪ. ಸೊನ್ನೆ ಆರು ಅಂದ್ರೆ ಆ ನಮೂನೆ ಹುಟ್ಟಿದ ಇಸವಿ, ಸಾವಿರದ ಒಂಬೈನೂರ ಆರು!"

"ಹಾಗಾದ್ರೆ ಇನ್ನೂ ಹಳೇದಾಯ್ತು," ಎಂದು ಶಿಯೊಜಾಕಿ ಪೆಟ್ಟಿಗೆಯನ್ನು ಬೆರಳ ತುದಿಯಿಂದ ದೂರ ಸರಿಸಿದ.

ಸಸಮೊರಿ ಮುನ್ನೂರ ಎಂಟು ಎಂದು ಬರೆದ ಇನ್ನೊಂದು ಪೆಟ್ಟಿಗೆ ತೆಗೆದ. ಅದು ಹೇಸೇ ಮೂವತ್ತರ ಆಗಸ್ಟ್ ಆಗಿದ್ದರಿಂದ ಎರಡು ತಿಂಗಳು ತಾಜಾ ಎಂದು ಸಭೆ ಮೆಚ್ಚಿಕೊಂಡು ತಿರಸ್ಕರಿಸಿತು. ಮುನ್ನೂರ ಮೂವತ್ತೆಂಟು ಎಂಬ ದೊಡ್ಡ ಗುಂಡು ಬಂದಾಗ ಮಾತ್ರ ಎಲ್ಲರೂ ತಲೆ ತಗ್ಗಿಸಿದರು. ಹೇಸೇ ಮೂವತ್ತೊಂದರಲ್ಲೇ ಚಕ್ರವರ್ತಿಗಳು ಪೀಠ ಬಿಟ್ಟಿದ್ದರಿಂದ ಮೂವತ್ತಮೂರು ಎಂಬ ವರ್ಷ ಬರಲೇ ಇಲ್ಲ. ಬಾರದ ವರ್ಷದ ಹೆಸರು ಹೇಳಿ ಗುಂಡು ಹಾರಿಸುವುದು ಅವಿನಯವೆಂದು ನಿರ್ಧಾರವಾಯಿತು.

ಬೇಸತ್ತ ಸಸಮೊರಿ ಕೋಟಿನ ಜೇಬಿನಿಂದ ಸಣ್ಣ ಡಬ್ಬಿಯೊಂದನ್ನು ಎಸೆದ. "ಇನ್ನು ಇದೊಂದೇ ಇರೋದು. ಆರೂವರೆ ಮಿಲಿಮೀಟರಿಂದು."

ಡಬ್ಬಿಯ ಮೇಲೆ ಆರು, ಚುಕ್ಕಿ, ಐದು ಎಂದಿತ್ತು. "ರೇವಾ ಆರು, ಐದನೇ ತಿಂಗಳು!" ಶಿಯೊಜಾಕಿಯ ಮುಖ ಅರಳಿತು. "ಇನ್ನೂ ಮೇ ಕೊನೇವರೆಗೆ ಟೈಮಿದೆ. ಇಂಥದ್ದನ್ನ ಜೇಬಲ್ಲಿಟ್ಕೊಂಡು ಇಷ್ಟೊತ್ತು ಆಟ ಆಡಿಸಿದ್ರಲ್ರೀ!"

"ಅದು ಜಿಂಕೆ ಹೊಡಿಯೋದು ಕಣ್ರೀ! ಆ ಕರಡಿಗೆ ಹೊಡೆದ್ರೆ ಬೆನ್ನು ತುರಿಸಿದ ಹಾಗಾಗುತ್ತೆ. ಆಮೇಲೆ ತುರಿಸಿದ್ದು ಯಾರು ಅಂತ ಹುಡುಕ್ಕೊಂಡು ಬರುತ್ತೆ."

ಮಿನೆಕೊ ಎದ್ದು ನಿಂತಳು. "ದಪ್ಪದ್ದೋ ಸಣ್ಣದೋ, ಕೈ ಮುಗೀತೀನಿ, ಯಾವುದಾದ್ರೂ ಒಂದು ಹೊಡೀರಪ್ಪ. ನನ್ನ ಕರು..."

"ಅಮ್ಮ, ಕರು ಇವತ್ತಿನ ಕಾರ್ಯಸೂಚಿಯಲ್ಲಿಲ್ಲ," ಎಂದ ಶಿಯೊಜಾಕಿ, ನಿಜವಾದ ಮರುಕದಿಂದ.

ಮರುದಿನ ಬೆಳಿಗ್ಗೆ ಕಂಬಗಳ ಮೇಲಿನ ಧ್ವನಿವರ್ಧಕಗಳು ಊರಿಗೆಲ್ಲ ಸಾರಿದವು: "ಗುಂಡು ಪ್ರಾಣಿಗೆ ತಕ್ಕದ್ದಾಗಿರಬೇಕೆಂಬ ನಿಯಮವಿರುತ್ತದೆ. ಗುಂಡನ್ನು ಬದಲಾಯಿಸಲು ಅವಕಾಶವಿಲ್ಲದ ಕಾರಣ ಪ್ರಾಣಿಯನ್ನು ಬದಲಾಯಿಸಲಾಗಿದೆ. ಕುರೊಸಾಕಾ ಕೊಟ್ಟಿಗೆಯ ಬಳಿ ಸುಳಿದಾಡುತ್ತಿರುವುದನ್ನು ಇಂದಿನಿಂದ ಜಿಂಕೆ ಎಂದು ಪರಿಗಣಿಸತಕ್ಕದ್ದು. ಸಹಕರಿಸಿ."

ಇದರಿಂದ ಯಾರಿಗೂ ನಷ್ಟವಾಗಲಿಲ್ಲ. ಮೇಯರು ಬಹುದಿನಗಳಿಂದ ಬಯಸಿದ್ದ 'ಕರಡಿ ಇಲ್ಲದ ಬಿಸಿನೀರಿನ ಬುಗ್ಗೆಗಳ ಊರು' ಎಂಬ ಫಲಕ ರೈಲು ನಿಲ್ದಾಣದೆದುರು ನಿಂತಿತು, ಅವರ ತಮ್ಮನ ಹೋಟೆಲು ಭರ್ತಿಯಾಯಿತು. ಸಸಮೊರಿ ಒಂದು ದಿನ ಕೂಗಾಡಿದ. ಆಮೇಲೆ ಅವನನ್ನು ಗೌರವ ಜಿಂಕೆ ಸಲಹೆಗಾರನನ್ನಾಗಿ ನೇಮಿಸಿ, ಬೆನ್ನ ಮೇಲೆ ಚಿನ್ನದ ಬಣ್ಣದ ಅಕ್ಷರಗಳಿದ್ದ ಕಿತ್ತಳೆ ಕೋಟು ಕೊಟ್ಟರು. ಕೋಟು ಮೈಗೆ ಸರಿಯಾಗಿ ಕೂತಿತು, ತೀರ್ಮಾನವೂ ಮನಸ್ಸಿಗೆ ಕೂತಿತು.

ಹಿಂಡಿ ಮುಗಿದ ದಿನ ಮಿನೆಕೊ ಅವನಿಗೆ ಫೋನು ಮಾಡಿದಳು.

"ಸಸಮೊರಿ, ಬಂದಿದೆ ಕಣೋ! ಬೇಗ ಬಾ!"

"ಯಾವುದು?"

"ಅದೇ, ಕರ... ಜಿಂಕೆ!"

"ಎಷ್ಟು ದೊಡ್ಡದು ಅಕ್ಕಾ?"

"ಕೊಟ್ಟಿಗೆ ಬಾಗಿಲು ಕಿತ್ತು ಕೈಯಲ್ಲಿ ಹಿಡ್ಕೊಂಡಿದೆ!"

"ಒಳ್ಳೇ ಜಿಂಕೆ. ಆದ್ರೆ ಜಿಂಕೆ ಬೇಟೆ ಶುರುವಾಗೋದು ಅಕ್ಟೋಬರಿಗೆ. ಈಗ ಹೊಡೆದ್ರೆ ನನ್ನ ಲೈಸೆನ್ಸ್ ಹೋಗುತ್ತೆ."

"ನಿನ್ನ ಗುಂಡು ಮೇ ತಿಂಗಳಿಗೇ ಮುಗಿಯುತ್ತಲ್ಲೋ ಮುಠ್ಠಾಳ!"

"ಅದಕ್ಕೂ ಒಂದು ಸಭೆ ಕರೀತಾರಂತೆ," ಎಂದು ಅವನು ಸಮಾಧಾನ ಹೇಳಿದ.

ಸಂಜೆ ಶಿಯೊಜಾಕಿ ಪರಿಶೀಲನೆಗೆ ಬಂದಾಗ ಕರುವಿನ ಜಾಗದಲ್ಲಿ ನೆತ್ತರಾದ ಹುಲ್ಲಿತ್ತು. ಬೂಟಿಗೆ ತಾಗದಂತೆ ಅದನ್ನು ಸುತ್ತಿಬಂದು ಅವನು ಯೋಚಿಸಿದ. ಜಿಂಕೆ ಮಾಂಸ ತಿನ್ನುವುದಿಲ್ಲ, ಅದು ಶಾಲೆಯ ಮಕ್ಕಳಿಗೂ ಗೊತ್ತು. ಆದ್ದರಿಂದ ಕರು ತಪ್ಪಿಸಿಕೊಂಡಿದೆ. ಕರುವನ್ನು ಸರಿಯಾಗಿ ಕಟ್ಟದೇ ಇದ್ದುದಕ್ಕೆ ಮಿನೆಕೊಗೆ ದಂಡ ಹಾಕಬಹುದಿತ್ತು, ಆದರೆ ಅವಳು ಅಳುತ್ತಿದ್ದುದರಿಂದ ಎಚ್ಚರಿಕೆ ಕೊಟ್ಟು ಬಿಟ್ಟ.

ಧ್ವನಿವರ್ಧಕ ಕರೆದದ್ದೇ ತಡ, ಊರಿಗೆ ಊರೇ ಹುಡುಕಲು ಬಂತು. ಒಳ್ಳೆಯ ಜನ, ಅನ್ನದ ಉಂಡೆ ಕಟ್ಟಿಕೊಂಡು, ಹಾಲಿನ ಬಾಟಲಿ ಅಲ್ಲಾಡಿಸುತ್ತ, "ಕೊಮುಗೀ, ಕೊಮುಗೀ" ಎಂದು ಹೊಲವೆಲ್ಲ ಸುತ್ತಿದರು. ಕಾಡಿನ ಅಂಚಿನಲ್ಲಿ ಕರಡಿ ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿತ್ತು. "ಶ್, ಜಿಂಕೆ ಮಲಗಿದೆ," ಎಂದು ಒಬ್ಬರಿಗೊಬ್ಬರು ಪಿಸುಗುಟ್ಟಿ, ದೂರದಿಂದಲೇ ಬಳಸಿ ಹೋದರು. ಮಿನೆಕೊ ಮಾತ್ರ ಅಲ್ಲೇ ನಿಂತಳು.

"ಕೂಗಿ ಅಮ್ಮ," ಎಂದ ಶಿಯೊಜಾಕಿ ಮೆಲ್ಲಗೆ. "ನಿಮ್ಮ ದನಿಯಾದ್ರೆ ಅದಕ್ಕೆ ಗುರುತು ಸಿಗುತ್ತೆ."

ಮಿನೆಕೊ ಊರವರನ್ನು ನೋಡಿದಳು. ಎಲ್ಲರೂ ತುಂಬಾ ಪ್ರೀತಿಯಿಂದ ಕಾಯುತ್ತಿದ್ದರು. ಅವಳು ಕಣ್ಣೊರೆಸಿಕೊಂಡು, ಏರಿ ಇಳಿಯುತ್ತಿದ್ದ ಆ ದೊಡ್ಡ ಹೊಟ್ಟೆಯ ಕಡೆಗೇ ಮುಖ ಮಾಡಿ "ಕೊಮುಗೀ" ಎಂದು ಕೂಗಿದಳು. ಕರು ಓಗೊಟ್ಟರೆ ಕೇಳಿಸಲಿ ಎಂದು ಊರವರೆಲ್ಲ ಉಸಿರು ಬಿಗಿಹಿಡಿದು ನಿಂತರು.